ಊರಿಗೆ ರಸ್ತೆ ಬೇಕಾ? ಮೊದಲು ಪಹಣಿ ತೆಗೆಸಿ

ನಮ್ಮ ಕಡೆ ರಸ್ತೆ ಕೇಳುವ ಪದ್ಧತಿ ಹೀಗಿದೆ. ಎಲೆಕ್ಷನ್ ಹತ್ತಿರ ಬಂದಾಗ ಎಂಎಲ್ಎ ಕಾರು ನಿಲ್ಲಿಸುವುದು, ಹಾರ ಹಾಕುವುದು, ನೂರು ಸಹಿ ಇರುವ ಹಾಳೆ ಕೈಗಿಡುವುದು. ಅದರಲ್ಲಿ ‘ನಮ್ಮೂರಿನ ರಸ್ತೆ ತುಂಬಾ ಹದಗೆಟ್ಟಿದ್ದು’ ಅಂತ ಶುರುವಾಗಿ ‘ವಿನಂತಿ’ ಅಂತ ಮುಗಿಯುತ್ತದೆ. ಎಲ್ಲಿಂದ ಎಲ್ಲಿಗೆ, ಎಷ್ಟು ಉದ್ದ, ಯಾವ ಇಲಾಖೆಯ ರಸ್ತೆ, ಒಂದೂ ಇರುವುದಿಲ್ಲ. ಇಂಥ ಅರ್ಜಿ ಮೂರು ಸಲ ಕೊಟ್ಟ ಊರಿನವನು ನಾನು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಕೆಲಸ, ರಸ್ತೆ ಯಾರದ್ದು ಅಂತ ತಿಳಿದುಕೊಳ್ಳಿ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ ಆದರೆ ಲೋಕೋಪಯೋಗಿ ಇಲಾಖೆ. ಹಳ್ಳಿ ರಸ್ತೆ ಆದರೆ ಪಂಚಾಯತ್ ರಾಜ್ ಇಂಜಿನಿಯರಿಂಗ್ ಇಲಾಖೆ, ತಾಲ್ಲೂಕಿನಲ್ಲೇ ಆಫೀಸು ಇರುತ್ತದೆ. ಅಲ್ಲಿ ಹೋಗಿ ‘ನಮ್ಮ ರಸ್ತೆ ಪಟ್ಟಿಯಲ್ಲಿ ಇದೆಯಾ, ನಂಬರ್ ಏನು’ ಅಂತ ಕೇಳಿ. ಪಟ್ಟಿಯಲ್ಲೇ ಇಲ್ಲದ ರಸ್ತೆಗೆ ಡಾಂಬರು ಕೇಳುವುದಕ್ಕಿಂತ, ಪಟ್ಟಿಗೆ ಸೇರಿಸಿ ಅಂತ ಮೊದಲು ಕೇಳುವುದು ಒಳ್ಳೆಯದು.

ಆಮೇಲೆ ಯಾವ ಜೇಬಿನ ದುಡ್ಡು ಅನ್ನುವುದು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 2000ದಿಂದ ಇದೆ, 2024ರಲ್ಲಿ ನಾಲ್ಕನೇ ಹಂತಕ್ಕೆ ಒಪ್ಪಿಗೆ ಸಿಕ್ಕಿತು. ನಮ್ಮ ರಾಜ್ಯದಲ್ಲಿ ಇದಕ್ಕೆ ಕೇಂದ್ರದ ಪಾಲು ನೂರಕ್ಕೆ 60, ರಾಜ್ಯದ ಪಾಲು 40. ಆದರೆ ಈ ಹಂತ ಇರುವುದು ಸರ್ವಋತು ರಸ್ತೆಯೇ ಇಲ್ಲದ ಊರುಗಳಿಗೆ. 2011ರ ಜನಗಣತಿ ಪ್ರಕಾರ ಬಯಲು ಪ್ರದೇಶದಲ್ಲಿ 500 ಜನ ಇರಬೇಕು, ಕೇಂದ್ರ ‘ಮಹತ್ವಾಕಾಂಕ್ಷಿ’ ಅಂತ ಗುರುತಿಸಿದ ರಾಯಚೂರು, ಯಾದಗಿರಿಯಂಥ ಹಿಂದುಳಿದ ಜಿಲ್ಲೆಗಳಲ್ಲಿ 250 ಸಾಕು. ಇರುವ ರಸ್ತೆಯ ಗುಂಡಿ ಮುಚ್ಚಲು ಇದರಲ್ಲಿ ಕೇಳಿ ಸುಮ್ನೆ ವರ್ಷ ಕಳೆಯಬೇಡಿ. ಶಾಸಕರ ನಿಧಿ ಇಡೀ ಕ್ಷೇತ್ರಕ್ಕೆ ವರ್ಷಕ್ಕೆ 2 ಕೋಟಿ, ಸಂಸದರದ್ದು 5 ಕೋಟಿ. ಅದರಲ್ಲಿ ನಾಲ್ಕು ಕಿಲೋಮೀಟರ್ ಕೇಳಿದರೆ ನಕ್ಕು ಕಳಿಸುತ್ತಾರೆ, ಒಂದು ಮೋರಿಯನ್ನೋ ಶಾಲೆ ಮುಂದಿನ ಇನ್ನೂರು ಮೀಟರನ್ನೋ ಕೇಳಿ. ಪಂಚಾಯಿತಿ ದುಡ್ಡಿನ ಮೇಲೂ ಜಾಸ್ತಿ ಆಸೆ ಬೇಡ. 2026ರ ಮಾರ್ಚ್‌ವರೆಗಿನ 15ನೇ ಹಣಕಾಸು ಆಯೋಗದ ಲೆಕ್ಕದಲ್ಲಿ ನೂರಕ್ಕೆ 60 ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಮಿಕ್ಕಿದ್ದರಲ್ಲೇ ಬೀದಿದೀಪ, ರಸ್ತೆ ಎಲ್ಲಾ ಆಗಬೇಕಿತ್ತು.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. ಜಮೀನು.

ಗ್ರಾಮ ಸಡಕ್ ಯೋಜನೆಯ ಹಣದಲ್ಲಿ ಜಮೀನು ಕೊಳ್ಳುವ ಹಾಗಿಲ್ಲ. ಜಾಗ ಮೊದಲೇ ಸಿದ್ಧ ಇರಬೇಕು. ನಮ್ಮೂರಲ್ಲಿ ಎಲ್ಲರೂ ‘ದಾರಿ ಇದೆಯಲ್ಲ, ಅಜ್ಜನ ಕಾಲದಿಂದ ಗಾಡಿ ಓಡಾಡಿದೆ’ ಅಂದರು. ಗಾಡಿ ಓಡಾಡಿದ್ದು ನಿಜ, ದಾಖಲೆಯಲ್ಲಿ ದಾರಿ ಅರ್ಧಕ್ಕೇ ನಿಂತಿತ್ತು. ಅದಕ್ಕೇ ಹೇಳುವುದು, ಅಳತೆಗೆ ಇಂಜಿನಿಯರ್ ಬರುವ ಮೊದಲೇ ನೀವು ಒಮ್ಮೆ ನಡೆಯಿರಿ. ಮೊಬೈಲಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ದಾರಿಯುದ್ದಕ್ಕೂ ಎಡಬಲದ ಸರ್ವೆ ನಂಬರ್ ಬರೆದುಕೊಳ್ಳಿ. ಆ್ಯಪ್ ತೋರಿಸುವ ಗೆರೆ ಹತ್ತಿಪ್ಪತ್ತು ಅಡಿ ಆಚೀಚೆ ಇರಬಹುದು, ಅದನ್ನೇ ಹಿಡಿದು ಬೇಲಿ ಕೀಳಲು ಹೋಗಬೇಡಿ, ಜಗಳ ಆಗುತ್ತದೆ. ಗ್ರಾಮ ನಕಾಶೆಯನ್ನೂ ತೆಗೆಸಿ, ನಕಾಶೆಯಲ್ಲಿ ಕಂಡ ದಾರಿಯನ್ನು ಯಾರಾದರೂ ಒತ್ತಿದ್ದರೆ ತಹಶೀಲ್ದಾರರ ಬಳಿ ಬಿಡಿಸಿಕೊಳ್ಳಬಹುದು. ಆಮೇಲೆ ಪ್ರತಿ ನಂಬರಿನ ಪಹಣಿ, ಅಂದರೆ ಜಮೀನು ಯಾರದ್ದು, ಎಷ್ಟು ಅಂತ ಹೇಳುವ ಸರ್ಕಾರಿ ದಾಖಲೆ. ಅದರಲ್ಲಿ ವಿಸ್ತೀರ್ಣದ ಹತ್ತಿರ ‘ಖರಾಬು ಅ’, ‘ಖರಾಬು ಬ’ ಅಂತ ಎರಡು ಸಾಲು ಇರುತ್ತವೆ. ‘ಅ’ ಅಂದರೆ ಬಂಡೆ, ಕಲ್ಲು, ಉಳಲು ಬಾರದ ನೆಲ. ‘ಬ’ ಅಂದರೆ ದಾರಿ, ಹಳ್ಳದಂಥ ಸಾರ್ವಜನಿಕ ಜಾಗ. ‘ಬ’ ಎದುರು ಗುಂಟೆ ಲೆಕ್ಕ ಇದ್ದರೆ ಅದರಲ್ಲಿ ದಾರಿ ಎಷ್ಟು ಅಂತ ನಕಾಶೆ ಜೊತೆ ಹೊಂದಿಸಿ ನೋಡಿ. ಸೊನ್ನೆ ಇದ್ದು ನಕಾಶೆಯಲ್ಲೂ ದಾರಿ ಕಾಣದಿದ್ದರೆ ಆ ಮನೆಗೆ ಸಂಜೆ ಹೊತ್ತು ಕಾಫಿಗೆ ಹೋಗಬೇಕು.

ಅಲ್ಲಿ ಅಗಲದ ವಿಷಯ ಬಿಚ್ಚಿ ಹೇಳಿ. ‘ಹನ್ನೆರಡಡಿ ತಾನೇ ತಮ್ಮಾ, ತಗೋ’ ಅಂತ ನಮ್ಮ ಪಕ್ಕದ ಹೊಲದ ದೊಡ್ಡಪ್ಪ ಮಾತು ಕೊಟ್ಟುಬಿಟ್ಟರು. ಹನ್ನೆರಡು ಅಡಿ ಬರೀ ಡಾಂಬರು, ಲೆಕ್ಕಕ್ಕೆ 3.75 ಮೀಟರ್. ಎರಡು ಬದಿಯ ಮಣ್ಣಿನ ಅಂಚು ಸೇರಿದರೆ 7.5 ಮೀಟರ್, ಅಂದರೆ ಇಪ್ಪತ್ತೈದು ಅಡಿ ಹತ್ತಿರ. ಚರಂಡಿ ಬೇರೆ. ಗಾಡಿ ಕಡಿಮೆ ಇರುವ ದಾರಿಗೆ 3 ಮೀಟರ್ ಡಾಂಬರು, ಒಟ್ಟು 6 ಮೀಟರ್ ಅಂತ ಮಾಡುವುದೂ ಉಂಟು. ಇದನ್ನು ಹೇಳದೆ ಒಪ್ಪಿಸಿದ್ದಕ್ಕೆ, ಜೆಸಿಬಿ ಬಂದ ದಿನ ದೊಡ್ಡಪ್ಪ ತೆಂಗಿನ ಸಸಿ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ತಪ್ಪು ಅವರದ್ದಲ್ಲ.

ಒಪ್ಪಿಗೆ ಸಿಕ್ಕಿದರೆ ಬಾಯಿಮಾತಲ್ಲಿ ಬಿಡಬೇಡಿ. ಛಾಪಾ ಕಾಗದದಲ್ಲಿ ಬರೆಸಿಕೊಂಡರೆ ಸಾಕು ಅನ್ನುವವರು ಇದ್ದಾರೆ, ನನಗೆ ನಂಬಿಕೆ ಇಲ್ಲ. ಖರ್ಚಾದರೂ ನೋಂದಣಿ ಮಾಡಿಸಿ, ಯಾರ ಹೆಸರಿಗೆ ಬರೆಯಬೇಕು ಅನ್ನುವುದನ್ನು ಇಂಜಿನಿಯರ್ ಬಳಿ ಕೇಳಿಕೊಂಡೇ ಬರೆಸಿ. ಜಮೀನು ಜಂಟಿ ಖಾತೆಯದ್ದಾದರೆ ಎಲ್ಲರ ಸಹಿ ಬೇಕು, ಮದುವೆಯಾಗಿ ಹೋದ ಅಕ್ಕತಂಗಿಯರದ್ದೂ. ನಮ್ಮಲ್ಲಿ ಒಬ್ಬ ಅಕ್ಕನ ಸಹಿ ಬಿಟ್ಟುಹೋಗಿ ಕೋರ್ಟಿನಿಂದ ತಡೆ ಬಂತು, ಸುರಿದ ಜಲ್ಲಿ ಮೇಲೆ ಎರಡು ಮಳೆಗಾಲ ಹುಲ್ಲು ಬೆಳೆಯಿತು.

ಗ್ರಾಮಸಭೆ ಸುಲಭ. ಹೋಗಿ, ರಸ್ತೆ ಹೆಸರು, ಉದ್ದ ಹೇಳಿ ನಡಾವಳಿಯಲ್ಲಿ ಬರೆಸಿ, ಪ್ರತಿ ಇಸ್ಕೊಳ್ಳಿ.

ಕೆಲಸ ಶುರುವಾದ ಮೇಲೆ ಒಂದು ಟೇಪು ಜೇಬಲ್ಲಿರಲಿ. ಜಲ್ಲಿ ಒಂದೊಂದು ಪದರ ಸಾಮಾನ್ಯವಾಗಿ 75 ಮಿಲಿಮೀಟರ್, ರೋಲರ್ ಓಡಿ ಕೂತ ಮೇಲಿನ ಲೆಕ್ಕ ಅದು. ಮೇಲಿನ ಡಾಂಬರು ಹೊದಿಕೆ ಹಳ್ಳಿ ರಸ್ತೆಗೆ ಹೆಚ್ಚಾಗಿ 20 ಮಿಲಿಮೀಟರ್, ಒಂದು ಬೆರಳಗಲ. ಧೂಳು ಗುಡಿಸದೆ ಅದರ ಮೇಲೇ ಹಾಕಿದ ಡಾಂಬರು ದೋಸೆ ಥರ ಏಳುತ್ತದೆ, ಅದನ್ನು ಅಲ್ಲೇ ನಿಲ್ಲಿಸಿ. ಗುಂಡಿಗೆ ಹಳೇ ಮನೆ ಕೆಡವಿದ ಇಟ್ಟಿಗೆ ಚೂರು ತುಂಬುವ ಐಡಿಯಾ ಕೊಡುವವರ ಮಾತು ಕೇಳಲೇಬೇಡಿ, ಮಳೆಗೆ ಅದು ಕೆಂಪು ಕೆಸರು. ಊರೊಳಗೆ ಮನೆ ನೀರು ಹರಿಯುವ ಕಡೆ ಕಾಂಕ್ರೀಟೇ ಇರಲಿ, ಚರಂಡಿ ಇಲ್ಲದೆ ಮಾತ್ರ ಬೇಡ. ಗ್ರಾಮ ಸಡಕ್ ರಸ್ತೆ ಆದರೆ ಗುತ್ತಿಗೆದಾರ ಐದು ವರ್ಷ ನೋಡಿಕೊಳ್ಳಬೇಕು. ರಸ್ತೆ ಪಕ್ಕದ ಕಾಮಗಾರಿ ವಿವರದ ಫಲಕದ ಫೋಟೋ ಹೊಸದಾಗಿದ್ದಾಗಲೇ ತೆಗೆದಿಟ್ಟುಕೊಳ್ಳಿ, ದೂರು ಕೊಡಲು ‘ಮೇರಿ ಸಡಕ್’ ಆ್ಯಪ್ ಇದೆ.

ಕೊನೆಗೆ ಬಸ್ಸು. ರಸ್ತೆ ಆದ ಮಾತ್ರಕ್ಕೆ ಬರುವುದಿಲ್ಲ, ಡಿಪೋ ಮ್ಯಾನೇಜರಿಗೆ ಬೇರೆ ಅರ್ಜಿ. ಎಷ್ಟು ಮಕ್ಕಳು, ಯಾವ ಕಾಲೇಜು, ಎಷ್ಟು ಗಂಟೆಗೆ ಅಂತ ಬರೆಯಿರಿ. ಬಸ್ಸು ತಿರುಗಿಸುವ ಜಾಗವನ್ನೂ ತೋರಿಸಬೇಕು. ನಮ್ಮೂರಲ್ಲಿ ಅರಳಿಕಟ್ಟೆ ಹತ್ತಿರ ತಿರುಗದೆ ಡ್ರೈವರ್ ಅರ್ಧ ಫರ್ಲಾಂಗು ರಿವರ್ಸ್ ಬರುತ್ತಾರೆ, ಕಂಡಕ್ಟರ್ ಹಿಂದೆ ಸೀಟಿ ಊದುತ್ತಾ.