ಮರೆತುಹೋದ ಎಲ್‌ಪಿ ಹುಡುಕುವುದು, ತೊಳೆಯುವುದು, ಕೇಳುವುದು

1970ರ ಕೊನೆಗೆ ಬ್ರಿಟನ್ನಿನಲ್ಲಿ ಫಿಲಿಪ್ಸ್ ಕಂಪನಿ ವ್ಯಾಷ್ಟಿ ಬನ್ಯನ್ ಎಂಬ ಗಾಯಕಿಯ ‘ಜಸ್ಟ್ ಅನದರ್ ಡೈಮಂಡ್ ಡೇ’ ಎಲ್‌ಪಿಯನ್ನು, ಅಂದರೆ ಹಾಡಿನ ದೊಡ್ಡ ಪ್ಲೇಟನ್ನು, ತಂದಿತು. ಕೊಂಡವರು ತೀರಾ ಕಡಿಮೆ. ಗಾಯಕಿ ಹಾಡುವುದನ್ನೇ ಬಿಟ್ಟರು. 2000ದಲ್ಲಿ ಅದೇ ಆಲ್ಬಂ ಸಿ.ಡಿ.ಯಾಗಿ ಮರಳಿ ಬಂದಾಗ ಹೊಸ ತಲೆಮಾರಿನವರು ಮುಗಿಬಿದ್ದು ಕೇಳಿದರು. ಅವರ ಎರಡನೇ ಆಲ್ಬಂ ಬಂದದ್ದು 2005ರಲ್ಲಿ. ಈ ನಡುವೆ ಮೊದಲ ಮುದ್ರಣದ ಪ್ಲೇಟಿನ ಬೆಲೆ ಸಾವಿರ ಪೌಂಡ್ ದಾಟಿಹೋಯಿತು.

ಸುಮಾರು 1967ರಿಂದ 1973ರವರೆಗೆ ಬ್ರಿಟನ್ನಿನಲ್ಲಿ ಜನಪದ ಹಾಡಿಗೆ ಸಿತಾರ್, ಹಾರ್ಮೋನಿಯಂ, ವಿಚಿತ್ರ ಕೊಳಲುಗಳನ್ನೆಲ್ಲ ಬೆರೆಸಿ ತಯಾರಾದ ಇಂಥ ಆಲ್ಬಂಗಳು ಹಲವು. ಸೈಕೆಡೆಲಿಕ್ ಫೋಕ್ ಎಂದು ಅವಕ್ಕೆ ಹೆಸರು ಬಿದ್ದಿದೆ. ಇವನ್ನು ಹುಡುಕಲು ಹೊರಟವರು ಒಂದನ್ನು ಮೊದಲೇ ನಿರ್ಧರಿಸಿಕೊಳ್ಳಬೇಕು: ಬೇಕಾಗಿರುವುದು ಹಳೆಯ ವಸ್ತುವೋ, ಹಾಡೋ? ಹಾಡೇ ಆದರೆ, ಸವೆದ ಮೂಲ ಮುದ್ರಣಕ್ಕಿಂತ ಸ್ಟುಡಿಯೊದ ಮೂಲ ಟೇಪಿನಿಂದ ಸರಿಯಾಗಿ ತೆಗೆದ ಮರುಮುದ್ರಣ ಎಷ್ಟೋ ಮೇಲು. ಕೆಳಗಿನ ಹಂತಗಳೆಲ್ಲ ಆ ಟೇಪಿಗೆ ಹತ್ತಿರವಾದ ಪ್ರತಿಯನ್ನು ಪಡೆಯುವ ಬಗ್ಗೆಯೇ.

1. ಕವರಿನ ಬೆನ್ನು ಓದಿ

ಅಪರೂಪದ ಆಲ್ಬಂಗಳ ಪಟ್ಟಿಗಳ ಹಿಂದೆ ಬೀಳಬೇಡಿ. ಆ ಪಟ್ಟಿಗೆ ಸೇರಿದ ದಿನವೇ ಬೆಲೆ ಏರಿರುತ್ತದೆ. ನಿಮಗೆ ಈಗಾಗಲೇ ಇಷ್ಟವಾದ ಒಂದು ಆಲ್ಬಂ ಎತ್ತಿಕೊಂಡು ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ: ನಿರ್ಮಾಪಕ, ಸೌಂಡ್ ಎಂಜಿನಿಯರ್, ಸ್ಟುಡಿಯೊ, ವಾದ್ಯ ಸಂಯೋಜಕ, ಪಕ್ಕವಾದ್ಯದವರು. ಈ ಹೆಸರುಗಳನ್ನು ಹಿಡಿದು ಮುಂದಿನ ಆಲ್ಬಂಗೆ ಹೋಗಿ.

ಗಾಯಕ ನಿಕ್ ಡ್ರೇಕ್‌ನ 1969ರ ‘ಫೈವ್ ಲೀವ್ಸ್ ಲೆಫ್ಟ್’ ನೋಡಿ. ನಿರ್ಮಾಪಕ ಜೋ ಬಾಯ್ಡ್, ಎಂಜಿನಿಯರ್ ಜಾನ್ ವುಡ್, ಲಂಡನ್ನಿನ ಸೌಂಡ್ ಟೆಕ್ನಿಕ್ಸ್ ಸ್ಟುಡಿಯೊ, ತಂತಿವಾದ್ಯಗಳ ಸಂಯೋಜನೆ ಬಹುಪಾಲು ರಾಬರ್ಟ್ ಕರ್ಬಿಯದು. ಬಾಯ್ಡ್ ಮತ್ತು ಕರ್ಬಿ ಇಬ್ಬರ ಹೆಸರೂ ವ್ಯಾಷ್ಟಿ ಬನ್ಯನ್ ಆಲ್ಬಂನಲ್ಲಿದೆ. ಬಾಯ್ಡ್ ಹೆಸರು ಹಿಡಿದರೆ ಇನ್‌ಕ್ರೆಡಿಬಲ್ ಸ್ಟ್ರಿಂಗ್ ಬ್ಯಾಂಡ್ ಸಿಗುತ್ತದೆ. ಆ ತಂಡದ 1968ರ ‘ದಿ ಹ್ಯಾಂಗ್‌ಮನ್ಸ್ ಬ್ಯೂಟಿಫುಲ್ ಡಾಟರ್’ನಲ್ಲಿ ಫ್ಲೂಟ್ ಆರ್ಗನ್ ನುಡಿಸಿದ್ದು ಡಾಲಿ ಕಾಲಿನ್ಸ್. ಡಾಲಿಯ ಹೆಸರು ಹಿಡಿದು ಹೋದರೆ ಅಕ್ಕತಂಗಿಯರಾದ ಡಾಲಿ ಮತ್ತು ಶರ್ಲಿ ಸೇರಿ 1969ರಲ್ಲಿ ಇಎಂಐ ಕಂಪನಿಯ ಹಾರ್ವೆಸ್ಟ್ ಬ್ರ್ಯಾಂಡಿಗೆ ಮಾಡಿದ ‘ಆಂಥಮ್ಸ್ ಇನ್ ಈಡನ್’ ಕೈಗೆ ಬರುತ್ತದೆ.

ಇದೇ ದಾರಿ ಒಮ್ಮೆ ನಮ್ಮ ಕಡೆಗೂ ತಿರುಗುತ್ತದೆ. ಸ್ಟ್ರಿಂಗ್ ಬ್ಯಾಂಡಿನ 1967ರ ‘ದಿ 5000 ಸ್ಪಿರಿಟ್ಸ್’ ಆಲ್ಬಂನಲ್ಲಿ ಸಿತಾರ್, ತಂಬೂರಿ ನುಡಿಸಿದವರ ಹೆಸರು ‘ಸೋಮ’ ಎಂದಷ್ಟೇ ಇದೆ. ಅವರು ಸಂಗೀತ ವಿದ್ವಾಂಸ ನಜೀರ್ ಜೈರಾಜ್‌ಭಾಯ್. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತದಲ್ಲಿ ಮಾಡಿದ್ದ ಧ್ವನಿಮುದ್ರಣಗಳ ಜಾಡು ಹಿಡಿದು 1984ರಲ್ಲಿ ಕರ್ನಾಟಕ, ಕೇರಳ, ತಮಿಳುನಾಡು ಸುತ್ತಿದವರೂ ಇವರೇ.

2. ಕ್ಯಾಟಲಾಗ್ ನಂಬರ್ ಬರೆದುಕೊಳ್ಳಿ

ಆಲ್ಬಂ ಹೆಸರಿನಿಂದ ಹುಡುಕಿದರೆ ಎಲ್ಲ ದೇಶಗಳ, ಎಲ್ಲ ಕಾಲದ ಪ್ರತಿಗಳೂ ಒಟ್ಟಿಗೆ ಬಂದು ತಲೆ ಕೆಡುತ್ತದೆ. ಕವರಿನ ಮೇಲೆ ಕಂಪನಿ ಹಾಕುವ ಕ್ಯಾಟಲಾಗ್ ನಂಬರಿನಿಂದ ಹುಡುಕಿ. ಬನ್ಯನ್ ಆಲ್ಬಂ ಫಿಲಿಪ್ಸ್ 6308 019. ಡ್ರೇಕ್‌ದು ಐಎಲ್‌ಪಿಎಸ್ 9105. ಕಾಲಿನ್ಸ್ ಸೋದರಿಯರದು ಎಸ್‌ಎಚ್‌ವಿಎಲ್ 754. ‘5000 ಸ್ಪಿರಿಟ್ಸ್’ ಮೋನೊದಲ್ಲಿ (ಒಂದೇ ಚಾನೆಲ್) ಇಯುಕೆ 257, ಸ್ಟೀರಿಯೊದಲ್ಲಿ (ಎರಡು ಚಾನೆಲ್) ಇಯುಕೆಎಸ್ 7257. ಬ್ರಿಟನ್ನಿನಲ್ಲಿ ಮೋನೊ ಎಲ್‌ಪಿ 1969ರ ಹೊತ್ತಿಗೆ ಬಹುಮಟ್ಟಿಗೆ ನಿಂತುಹೋಯಿತು. ಕೊನೆಕೊನೆಗೆ ಬಂದ ಮೋನೊ ಪ್ರತಿಗಳಲ್ಲಿ ಹಲವು, ಸ್ಟೀರಿಯೊದ ಎರಡು ಚಾನೆಲ್‌ಗಳನ್ನು ಸುಮ್ಮನೆ ಒಂದು ಮಾಡಿದವು. ಅವುಗಳ ಸಂಖ್ಯೆ ಕಡಿಮೆ ಎಂಬ ಕಾರಣಕ್ಕೆ ಬೆಲೆ ಹೆಚ್ಚೇ ಹೊರತು ಕೇಳಲು ಹೆಚ್ಚಿನದೇನೂ ಇರುವುದಿಲ್ಲ.

ಡಿಸ್ಕಾಗ್ಸ್‌ನಂಥ ದತ್ತಕೋಶದಲ್ಲಿ ಈ ನಂಬರ್ ಹಾಕಿದರೆ ಪ್ರತಿ ಮುದ್ರಣಕ್ಕೂ ಬೇರೆ ಪುಟ ಸಿಗುತ್ತದೆ. ಬೆಲೆ ತಿಳಿಯಲು ಮಾರಾಟಕ್ಕಿಟ್ಟವರು ಕೇಳುವ ಮೊತ್ತವನ್ನಲ್ಲ, ಈವರೆಗೆ ನಿಜಕ್ಕೂ ಮಾರಾಟವಾದ ಮೊತ್ತದ ಮಧ್ಯಮ ಬೆಲೆಯನ್ನು ನೋಡಿ.

3. ಪ್ಲೇಟಿನ ಜಾತಕ ನೋಡಿ

ಹೆಚ್ಚಿನವರು ಮೋಸ ಹೋಗುವುದು ಇಲ್ಲಿಯೇ. ಹಾಗಾಗಿ ಈ ಹಂತದಲ್ಲಿ ಅವಸರ ಬೇಡ.

ಮೊದಲು ಲೇಬಲ್, ಅಂದರೆ ಪ್ಲೇಟಿನ ನಡುವೆ ಅಂಟಿಸಿದ ದುಂಡು ಕಾಗದ. ಡ್ರೇಕ್ ಆಲ್ಬಂ ತಂದ ಐಲೆಂಡ್ ಕಂಪನಿಯ ಲೇಬಲ್ 1970ರವರೆಗೆ ಪೂರ್ತಿ ಗುಲಾಬಿ. ಆಮೇಲೆ ಗುಲಾಬಿ ಅಂಚಿನ ನಡುವೆ ತಾಳೆಮರದ ಚಿತ್ರ ಬಂತು. ಆದ್ದರಿಂದ 1969ರ ಡ್ರೇಕ್ ಆಲ್ಬಂನಲ್ಲಿ ತಾಳೆಮರ ಕಂಡರೆ ಅದು ಮೊದಲ ಮುದ್ರಣವಲ್ಲ. ಹಾರ್ವೆಸ್ಟ್‌ನ ಆರಂಭದ ಲೇಬಲ್ಲುಗಳ ಮೇಲೆ ಚೌಕದೊಳಗಿನ ಇಎಂಐ ಚಿಹ್ನೆ ಇರುವುದಿಲ್ಲ. ಲೇಬಲ್ಲಿನ ಮಧ್ಯದ ತೂತಿನ ಬಳಿ ಎರಡು ಅಕ್ಷರ ಒತ್ತಿದ್ದರೆ ಅದು ಖರೀದಿ ತೆರಿಗೆಯ ಗುರುತು. ಆ ತೆರಿಗೆ 1973ರಲ್ಲಿ ರದ್ದಾಯಿತು, ಹಾಗಾಗಿ ಪ್ಲೇಟು ಅದಕ್ಕಿಂತ ಹಿಂದಿನದು.

ಎರಡನೆಯದು, ಹಾಡು ಮುಗಿದ ಮೇಲೆ ಲೇಬಲ್ಲಿನವರೆಗೆ ಉಳಿಯುವ ಖಾಲಿ ಪಟ್ಟಿ. ಸಂಗ್ರಾಹಕರು ಇದನ್ನು ಡೆಡ್ ವ್ಯಾಕ್ಸ್ ಅನ್ನುತ್ತಾರೆ. ಪ್ಲೇಟನ್ನು ದೀಪದ ಕೆಳಗೆ ಓರೆಯಾಗಿ ಹಿಡಿದರೆ ಅಲ್ಲಿ ಅಂಕಿಗಳು ಕಾಣುತ್ತವೆ. ಇಎಂಐ ಕಾರ್ಖಾನೆಯ ಪ್ಲೇಟುಗಳಲ್ಲಿ ಇದಕ್ಕೊಂದು ಶಿಸ್ತು ಇದೆ. ಗಡಿಯಾರದ ಮುಖ ಎಂದುಕೊಂಡರೆ ಆರು ಗಂಟೆಯ ಜಾಗದಲ್ಲಿ ಆ ಬದಿಯ ಗುರುತಾದ ಮ್ಯಾಟ್ರಿಕ್ಸ್ ನಂಬರ್, ಒಂಬತ್ತರ ಜಾಗದಲ್ಲಿ ಒತ್ತುವ ಅಚ್ಚುಗಳಿಗೆ ತಾಯಿಯಾದ ‘ಮದರ್’ ಅಚ್ಚಿನ ಅಂಕಿ, ಮೂರರ ಜಾಗದಲ್ಲಿ ಒತ್ತುವ ಅಚ್ಚಿನ ಅಕ್ಷರಗಳು. ಆ ಅಕ್ಷರಗಳೇ ಅಂಕಿಗಳು: ಜಿ ಅಂದರೆ 1, ಆರ್ 2, ಎ 3, ಎಂ 4, ಓ 5, ಪಿ 6, ಎಚ್ 7, ಎಲ್ 8, ಟಿ 9, ಡಿ 0. ‘ಆರ್‌ಜಿ’ ಎಂದಿದ್ದರೆ ಇಪ್ಪತ್ತೊಂದನೆಯ ಅಚ್ಚು. ಅಂಕಿ ಚಿಕ್ಕದಾದಷ್ಟೂ ಪ್ಲೇಟು ಮೊದಮೊದಲಿನದು. ಮ್ಯಾಟ್ರಿಕ್ಸ್ ನಂಬರಿನ ಕೊನೆಯ 1 ಅಥವಾ 2 ಮಾತ್ರ ಬೇರೆ ವಿಷಯ. ಅದು ಎಷ್ಟನೇ ಬಾರಿಯ ಕಟಿಂಗ್, ಅಂದರೆ ಟೇಪಿನಿಂದ ಗೆರೆ ಕೊರೆದದ್ದು, ಎಂದು ಹೇಳುತ್ತದೆ. ಮೊದಲ ಕಟಿಂಗನ್ನು ಕಂಪನಿಯೇ ತಿರಸ್ಕರಿಸಿ ಎರಡನೆಯದರಿಂದ ಒತ್ತಲು ಶುರುಮಾಡಿದ್ದೂ ಇರುತ್ತದೆ. ಹಾಗಾಗಿ ‘2’ ಕಂಡ ತಕ್ಷಣ ಕೈಬಿಡಬೇಡಿ.

ಮೂರನೆಯದು ಕವರ್. ಬಾರ್‌ಕೋಡ್ ಇದ್ದರೆ ಮಾತೇ ಬೇಡ, 1970ರ ಎಲ್‌ಪಿಗೆ ಅದು ಇರಲು ಸಾಧ್ಯವಿಲ್ಲ. ‘180 ಗ್ರಾಂ’ ಎಂಬ ಚೀಟಿಯೂ ಇತ್ತೀಚಿನದೇ. ಆ ಕಾಲದ ಪ್ಲೇಟುಗಳು ಸಾಮಾನ್ಯವಾಗಿ 120ರಿಂದ 150 ಗ್ರಾಂ ತೂಗುತ್ತವೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಕಳ್ಳಪ್ರತಿಯ ಕವರನ್ನು ಮೂಲ ಕವರಿನ ಸ್ಕ್ಯಾನ್‌ನಿಂದ ಮುದ್ರಿಸಿರುತ್ತಾರೆ. ಭೂತಗನ್ನಡಿ ಹಿಡಿದರೆ ಸಣ್ಣ ಅಕ್ಷರಗಳ ಅಂಚು ಚುಕ್ಕಿಚುಕ್ಕಿಯಾಗಿ ಒಡೆದಿರುವುದು ಗೊತ್ತಾಗುತ್ತದೆ.

ಕಿವಿಯಿಂದಲೂ ಒಂದು ಪರೀಕ್ಷೆ ಇದೆ. ಟೇಪ್ ಸಿಗದ ಕಳ್ಳ ಕಂಪನಿಗಳು ಹಳೆ ಪ್ಲೇಟನ್ನೇ ನುಡಿಸಿ ಅದರಿಂದ ಹೊಸ ಅಚ್ಚು ಮಾಡುತ್ತವೆ. ಎರಡು ಹಾಡುಗಳ ನಡುವಿನ ಖಾಲಿಯನ್ನು ಕೇಳಿ. ನಿಜವಾದ ಪ್ಲೇಟಿನಲ್ಲಿ ಸಣ್ಣ ಸದ್ದು ಅಲ್ಲಿಯೂ ಮುಂದುವರಿಯುತ್ತದೆ. ಇಂಥ ನಕಲಿನಲ್ಲಿ ಹಾಡಿನ ಜತೆಗೇ ಚಟಪಟ ಶುರುವಾಗಿ ಹಾಡಿನ ಜತೆಗೇ ಮಾಯವಾಗುತ್ತದೆ. ಪ್ಲೇಟಿನ ಮೈ ಕನ್ನಡಿಯಂತಿದ್ದೂ ಚಟಪಟ ಕೇಳಿದರೆ ಅನುಮಾನವೇ ಬೇಡ.

4. ಮರುಮುದ್ರಣ ಕೊಳ್ಳುವುದಾದರೆ

ಮೂರು ವಿಷಯ ಕವರಿನ ಮೇಲೆ ಇರಬೇಕು: ಯಾರಿಂದ ಪರವಾನಗಿ ಪಡೆದದ್ದು, ಮೂಲ ಟೇಪ್ ಬಳಸಿದ್ದಾರೆಯೇ, ಮಾಸ್ಟರಿಂಗ್ (ಟೇಪಿನ ಧ್ವನಿಯನ್ನು ಪ್ಲೇಟಿಗೆ ಹೊಂದಿಸುವ ಕೆಲಸ) ಮಾಡಿದವರು ಯಾರು. ಮೂರೂ ಇಲ್ಲದೆ ಬರೀ ‘ರೀಮಾಸ್ಟರ್ಡ್’ ಎಂದಿದ್ದರೆ ದೂರವಿಡಿ. ಮೂಲಕ್ಕೆ ಹತ್ತು ಸಾವಿರಗಟ್ಟಲೆ ರೂಪಾಯಿ ಸುರಿದು ಸವೆದ ಪ್ರತಿ ತರುವುದಕ್ಕಿಂತ, ಕಲಾವಿದರಿಗೆ ನಾಲ್ಕು ಕಾಸು ತಲುಪುವ ಮರುಮುದ್ರಣವೇ ಲೇಸು.

5. ಗ್ರೇಡ್ ನಂಬುವ ಮುನ್ನ

ಮಾರುವವರು ಬರೆಯುವ ಗ್ರೇಡುಗಳಲ್ಲಿ ‘ಗುಡ್’ ಎಂದರೆ ಚೆನ್ನಾಗಿದೆ ಎಂದಲ್ಲ, ಉದ್ದಕ್ಕೂ ಸದ್ದು ಮಾಡುತ್ತದೆ ಎಂದು. ಕೇಳಲು ಯೋಗ್ಯವಾದದ್ದು ‘ವೆರಿ ಗುಡ್ ಪ್ಲಸ್’ನಿಂದ ಮೇಲೆ. ಗಿಟಾರ್ ಮತ್ತು ಒಂದೇ ದನಿ ಇರುವ ಹಾಡಿನಲ್ಲಿ ಸಣ್ಣ ಗೀರೂ ಕೇಳುತ್ತದೆ. ರಾಕ್ ಪ್ಲೇಟಿಗೆ ಕೊಡುವ ರಿಯಾಯಿತಿ ಇಲ್ಲಿಗೆ ಸಲ್ಲದು. ಗ್ರೇಡ್ ಕೊಟ್ಟದ್ದು ನೋಡಿಯೋ ಕೇಳಿಯೋ ಎಂದು ಕೇಳಿ. ಡೆಡ್ ವ್ಯಾಕ್ಸ್‌ನ ಫೋಟೊ ತರಿಸಿಕೊಳ್ಳಿ.

ವಿದೇಶದಿಂದ ತರಿಸುವಾಗ ಪ್ಲೇಟನ್ನು ಕವರಿನಿಂದ ಹೊರತೆಗೆದು, ಕವರಿನ ಹಿಂದೆ ಬೇರೆಯಾಗಿ ಇಟ್ಟು ಕಳುಹಿಸಲು ಹೇಳಿ. ಒಳಗೇ ಬಿಟ್ಟರೆ ದಾರಿಯಲ್ಲಿ ಪ್ಲೇಟು ಜಾರಿ ಕವರಿನ ಅಂಚನ್ನು ಸೀಳುತ್ತದೆ. ಅಂಚೆ ವೆಚ್ಚ, ಕಸ್ಟಮ್ಸ್ ಸುಂಕ ಕೂಡಿಸಿಯೇ ಬೆಲೆ ಲೆಕ್ಕ ಹಾಕಿ.

6. ತೊಳೆಯುವುದು

ಒಂದು ಲೀಟರಿಗೆ: 800 ಮಿ.ಲೀ. ಡಿಸ್ಟಿಲ್ಡ್ ವಾಟರ್, 200 ಮಿ.ಲೀ. ಶೇ 99ರ ಐಸೊಪ್ರೊಪೈಲ್ ಆಲ್ಕೊಹಾಲ್, ಫೋಟೊ ಫಿಲ್ಮ್ ತೊಳೆಯಲು ಬಳಸುವ ವೆಟಿಂಗ್ ಏಜೆಂಟ್ ಎರಡು ಮೂರು ಹನಿ. ಮನೆಯ ಆರ್‌ಒ ನೀರು ಬೇಡ, ಅದರಲ್ಲಿ ಉಳಿದ ಲವಣ ಒಣಗಿ ಗೆರೆಯೊಳಗೆ ಕೂರುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಕೂಡ ಬೇಡ, ಅದರ ಸುಗಂಧ, ಬಣ್ಣಗಳು ಅಂಟಿಕೊಳ್ಳುತ್ತವೆ. ಆಲ್ಕೊಹಾಲ್ ಬೆಂಕಿಗೆ ಬೇಗ ಹತ್ತುತ್ತದೆ, ಒಲೆ ದೀಪಗಳಿಂದ ದೂರ ಕೂತು ಬೆರೆಸಿ. ಇನ್ನೊಂದು ಮುಖ್ಯ ಎಚ್ಚರ: ಅಜ್ಜನ ಕಾಲದ 78 ಆರ್‌ಪಿಎಂ ಪ್ಲೇಟುಗಳಿಗೆ ಈ ದ್ರವ ತಾಗಿಸಲೇಬಾರದು. ಅವು ಅರಗಿನವು, ಆಲ್ಕೊಹಾಲಿನಲ್ಲಿ ಕರಗುತ್ತವೆ.

ಒಂದು ಬದಿಗೆ ಸುಮಾರು 30 ಮಿ.ಲೀ. ಹಾಕಿ, ಮೆತ್ತನೆಯ ಬ್ರಷ್‌ನಿಂದ ಗೆರೆ ಸುತ್ತುವ ದಿಕ್ಕಿನಲ್ಲೇ ಉಜ್ಜಿ. ಅಡ್ಡ ಉಜ್ಜಬಾರದು. ಲೇಬಲ್ ನೆನೆಯಬಾರದು. ಎರಡು ನಿಮಿಷ ಬಿಟ್ಟು, ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಎರಡು ಸಲ ಬೇರೆ ಬ್ರಷ್‌ನಿಂದ ತೊಳೆಯಿರಿ. ತೊಳೆಯದೆ ಬಿಟ್ಟರೆ ಕರಗಿದ ಕೊಳೆ ಅಲ್ಲೇ ಒಣಗಿ ಮೊದಲಿಗಿಂತ ಹೆಚ್ಚು ಸದ್ದು ಬರುತ್ತದೆ. ತೊಳೆದಮೇಲೆ ಹಾಳಾಯಿತು ಎನ್ನುವವರ ಕಥೆ ಬಹುತೇಕ ಇದೇ. ಪಾತ್ರೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಫ್ಯಾನ್ ಆರಿಸಿ ಒಣಗಿಸಿ.

ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಪ್ಲೇಟಿನ ಮೇಲೆ ಬಿಳಿ ಬೂಷ್ಟು ಸಾಮಾನ್ಯ. ಮೊದಲು ಮಾಸ್ಕ್ ಹಾಕಿ ಮನೆಯ ಹೊರಗೆ ಒಣ ಬ್ರಷ್ ಆಡಿಸಿ, ನಂತರ ಎರಡು ಸಲ ತೊಳೆಯಿರಿ. ಹಳೆ ಪ್ಲಾಸ್ಟಿಕ್ ಚೀಲದಲ್ಲಿ ವರ್ಷಗಟ್ಟಲೆ ಇದ್ದ ಪ್ಲೇಟಿನ ಮೇಲೆ ಕವಿಯುವ ಮಬ್ಬು ಬೇರೆ. ಅದು ಪಿವಿಸಿ ಚೀಲದಿಂದ ಹೊರಟ ರಾಸಾಯನಿಕದ ಕೆಲಸ, ಸಾಮಾನ್ಯವಾಗಿ ತೊಳೆದರೆ ಹೋಗದು. ಒಳಚೀಲ ಪಾಲಿಎಥಿಲೀನ್‌ದೇ ಇರಲಿ. ಮೂಲ ಕಾಗದದ ಒಳಚೀಲವನ್ನು ಎಸೆಯಬೇಡಿ. ಅದರ ಮೇಲಿನ ಜಾಹೀರಾತುಗಳಿಂದ ಮುದ್ರಣದ ಕಾಲ ತಿಳಿಯುತ್ತದೆ.

ಪ್ಲೇಟಿನ ಮೇಲೆ ಫೆವಿಕಾಲ್ ಬಳಿದು ಒಣಗಿದ ಮೇಲೆ ಸುಲಿಯುವ ಉಪಾಯವೂ ಚಾಲ್ತಿಯಲ್ಲಿದೆ. ಪೂರ್ತಿ ಒಣಗುವ ಮೊದಲೇ ಎಳೆದರೆ ತುಣುಕುಗಳು ಗೆರೆಯೊಳಗೇ ಉಳಿಯುತ್ತವೆ. ಅಪರೂಪದ ಪ್ಲೇಟಿನ ಮೇಲೆ ಈ ಪ್ರಯೋಗ ಬೇಡ.

7. ನುಡಿಸುವುದು

ಸೂಟ್‌ಕೇಸ್ ಮಾದರಿಯ ಅಗ್ಗದ ಪ್ಲೇಯರುಗಳ ಸಿರಾಮಿಕ್ ಕಾರ್ಟ್ರಿಜ್ (ಸೂಜಿ ಕೂರುವ ಭಾಗ) 5 ಗ್ರಾಂ ಆಸುಪಾಸಿನ ಭಾರ ಹೇರುತ್ತದೆ. ಮ್ಯಾಗ್ನೆಟ್ ಕಾರ್ಟ್ರಿಜ್‌ಗೆ ಸಾಮಾನ್ಯವಾಗಿ 1.5ರಿಂದ 2 ಗ್ರಾಂ ಸಾಕು. ಹಾಗೆಂದು ತಯಾರಕರು ಹೇಳಿದ್ದಕ್ಕಿಂತ ಕಡಿಮೆ ಮಾಡಿದರೆ ಪ್ಲೇಟು ಉಳಿಯುತ್ತದೆ ಎಂಬುದು ತಪ್ಪು. ಹಗುರಾದ ಸೂಜಿ ಗೆರೆಯ ಗೋಡೆ ಬಿಟ್ಟು ಎಗರಿ ಬಡಿಯುತ್ತದೆ, ಹೆಚ್ಚಿನ ಹಾನಿ ಅದರಿಂದಲೇ.

ಸದ್ದು ಯಾವುದೆಂದು ಗುರುತಿಸಲು ಕಲಿಯಿರಿ. 1.8 ಸೆಕೆಂಡಿಗೊಮ್ಮೆ ಟಿಕ್ ಎಂದರೆ ಗೀರು, ಏಕೆಂದರೆ 33⅓ ವೇಗದಲ್ಲಿ ಒಂದು ಸುತ್ತಿಗೆ ಹಿಡಿಯುವ ಹೊತ್ತು ಅದೇ. ‘ಸ’ಕಾರ ಹರಿದಂತೆ ಕೇಳಿದರೆ ಗೆರೆ ಸವೆದಿದೆ, ತೊಳೆದು ಫಲವಿಲ್ಲ. ಬದಿಯ ಕೊನೆಯ ಹಾಡಿನಲ್ಲಿ ಮಾತ್ರ ಹಾಗೆ ಕೇಳಿದರೆ ಕಾರ್ಟ್ರಿಜ್ ಕೂರಿಸಿದ ಕೋನ ನೋಡಿ. ಸೂಜಿಯ ಕೆಳಗೆ ಗೆರೆ ಹೊರ ಅಂಚಿನಲ್ಲಿ ಸೆಕೆಂಡಿಗೆ 51 ಸೆ.ಮೀ. ಓಡಿದರೆ ಲೇಬಲ್ ಬಳಿ 21 ಸೆ.ಮೀ. ಮಾತ್ರ. ಅಷ್ಟು ಕಿರಿದಾದ ಜಾಗದಲ್ಲಿ ಕೋನ ಸ್ವಲ್ಪ ತಪ್ಪಿದರೂ ಕಿವಿಗೆ ಗೊತ್ತಾಗುತ್ತದೆ. ಮೋನೊ ಪ್ಲೇಟು ಹಾಕಿದಾಗ ಆಂಪ್ಲಿಫೈಯರಿನ ಮೋನೊ ಗುಂಡಿ ಒತ್ತಿ. ಅದರ ಸಂಗೀತ ಗೆರೆಯ ಅಡ್ಡ ಚಲನೆಯಲ್ಲಷ್ಟೇ ಇದೆ. ಮೇಲೆ ಕೆಳಗೆ ಆಗುವ ಚಲನೆ ಬರೀ ಧೂಳಿನದು, ಗುಂಡಿ ಒತ್ತಿದರೆ ಅದು ಹೋಗುತ್ತದೆ.

8. ಕಂಪ್ಯೂಟರಿಗೆ ಇಳಿಸುವುದು

ರೆಕಾರ್ಡಿಂಗ್ ಸೆಟ್ಟಿಂಗ್ 24 ಬಿಟ್, 96 ಕಿಲೊಹರ್ಟ್ಸ್ ಇರಲಿ. ಹಾಡಿನ ಅತಿ ಜೋರು ಭಾಗ ಮೈನಸ್ 6 ಡೆಸಿಬೆಲ್ ದಾಟದಂತೆ ಮಟ್ಟ ಇಡಿ. ಒಂದು ಬದಿ ಪೂರ್ತಿ ಒಂದೇ ಫೈಲ್ ಆಗಲಿ. 20 ನಿಮಿಷಕ್ಕೆ ಸುಮಾರು 690 ಎಂಬಿ ಹಿಡಿಯುತ್ತದೆ, ಧ್ವನಿ ಕೆಡದಂತೆ ಕುಗ್ಗಿಸುವ ಫ್ಲ್ಯಾಕ್ ರೂಪಕ್ಕೆ ಮಾಡಿದರೆ ಇನ್ನೂ ಕಡಿಮೆ. ಈ ಫೈಲನ್ನು ಮುಟ್ಟದೆ ಹಾಗೆಯೇ ಇಟ್ಟು, ಅದರ ಪ್ರತಿಯ ಮೇಲೆ ಕೆಲಸ ಮಾಡಿ. ಆಡಾಸಿಟಿ ತಂತ್ರಾಂಶದ ‘ಕ್ಲಿಕ್ ರಿಮೂವಲ್’ ಅನ್ನು ಇಡೀ ಫೈಲಿಗೆ ಹಾಯಿಸಬೇಡಿ. ತಂತಿ ಮೀಟಿದ ಮೊದಲ ಕ್ಷಣವೂ ಅದರ ಲೆಕ್ಕದಲ್ಲಿ ಕ್ಲಿಕ್ಕೇ, ಹಾಗಾಗಿ ಗಿಟಾರು ಮೊಂಡಾಗಿಬಿಡುತ್ತದೆ. ದೊಡ್ಡ ಟಿಕ್‌ಗಳನ್ನು ಒಂದೊಂದಾಗಿ ಕೈಯಿಂದ ‘ರಿಪೇರ್’ ಮಾಡಿ, ಉಳಿದದ್ದನ್ನು ಬಿಡಿ.

ಈ ಫೈಲು ನಿಮ್ಮ ಕಿವಿಗೆ ಮಾತ್ರ. ಧ್ವನಿಮುದ್ರಣದ ಹಕ್ಕು ಭಾರತದಲ್ಲಿ 60 ವರ್ಷ, ಬ್ರಿಟನ್ನಿನಲ್ಲಿ 70 ವರ್ಷ. ಹಾಗಾಗಿ 1970ರಲ್ಲಿ ಬಂದ ಆಲ್ಬಂ ಇಲ್ಲಿ 2030ರ ಕೊನೆಯವರೆಗೆ, ಅಲ್ಲಿ 2040ರ ಕೊನೆಯವರೆಗೆ ಹಕ್ಕುದಾರರದೇ. ಯೂಟ್ಯೂಬಿಗೆ ಏರಿಸಬೇಡಿ.