ಆನ್‌ಲೈನ್ ಸರ್ವೆ: ಯಾರಿಗೆ ದುಡ್ಡು ಸಿಗುತ್ತದೆ?

ನಮ್ಮ ಹಾಸನದ ಬೀದಿಯಲ್ಲಿ ಮೊಬೈಲ್ ವಿಷಯಕ್ಕೆಲ್ಲ ನನ್ನನ್ನೇ ಕೇಳುತ್ತಾರೆ. "ಅಕ್ಕಾ, ಸರ್ವೆ ತುಂಬಿದರೆ ನಿಜವಾಗಿ ದುಡ್ಡು ಬರುತ್ತಾ?" ಬರುತ್ತದೆ. ಕಂಪನಿಗಳು ಕೇಳುವ ಪ್ರಶ್ನೆಗಳಿಗೆ ಮೊಬೈಲ್‌ನಲ್ಲಿ ಉತ್ತರ ಕೊಟ್ಟಿದ್ದಕ್ಕೆ ಸಿಗುವ ದುಡ್ಡು ಅದು. ಆದರೆ ಸಂಬಳವಲ್ಲ, ಪುಡಿಗಾಸು. ಬಾಡಿಗೆ, ಇಎಂಐ ಕಟ್ಟಲು ದಾರಿ ಹುಡುಕುತ್ತಿದ್ದರೆ ಇದು ಬೇಡ.

ಬಿಡುವಿದ್ದು, ಇಂಗ್ಲಿಷ್ ಓದಲು ಬರುವವರಿಗೆ ಇದು ಹೊಂದುತ್ತದೆ. ಗೂಗಲ್‌ನ ಸರ್ವೆ ಆ್ಯಪ್ ಆದ ಗೂಗಲ್ ಒಪಿನಿಯನ್ ರಿವಾರ್ಡ್ಸ್‌ಗೆ 18 ವರ್ಷ ತುಂಬಿರಬೇಕು. ಆಂಡ್ರಾಯ್ಡ್‌ನಲ್ಲಿ ಅದು ಕೊಡುವುದು ಪ್ಲೇ ಸ್ಟೋರ್ ಕ್ರೆಡಿಟ್, ಅಂದರೆ ಪ್ಲೇ ಸ್ಟೋರ್‌ನಲ್ಲೇ ಖರ್ಚು ಮಾಡಬೇಕಾದ ಮೊತ್ತ; ಬ್ಯಾಂಕಿಗೆ ಹಣ ಬರುವುದಿಲ್ಲ. ಬೇರೆ ಕೆಲವು ಕಡೆ ಗಿಫ್ಟ್ ವೋಚರ್ ಸಿಗುತ್ತದೆ.

ಸರ್ವೆಯಲ್ಲಿ ಮೊದಲು ವಯಸ್ಸು, ಊರು, ಕೆಲಸ ಕೇಳುತ್ತಾರೆ. ಸರ್ವೆ ಮಾಡಿಸುವ ಕಂಪನಿ ಕಾರು ಕೊಂಡವರ ಅಭಿಪ್ರಾಯವನ್ನಷ್ಟೇ ಹುಡುಕುತ್ತಿದ್ದರೆ ಉಳಿದವರ ಸರ್ವೆಯನ್ನು ಅಲ್ಲಿಗೇ ಮುಗಿಸಿಬಿಡುತ್ತಾರೆ. ಬೇಜಾರಾಗಬೇಡಿ, ಸುಳ್ಳೂ ಹೇಳಬೇಡಿ. ಅದೇ ಪ್ರಶ್ನೆಯನ್ನು ತಿರುಗಿಸಿ ಮತ್ತೆ ಕೇಳುತ್ತಾರೆ, ಉತ್ತರ ಹೊಂದದಿದ್ದರೆ ಖಾತೆಯೇ ಹೋಗಬಹುದು. ಇದಕ್ಕೆಂದೇ ಬೇರೆ ಇಮೇಲ್ ಇಟ್ಟುಕೊಳ್ಳಿ. ಇಲ್ಲದಿದ್ದರೆ ಇನ್‌ಬಾಕ್ಸ್ ತುಂಬಿಹೋಗುತ್ತದೆ.

ಒಂದು ಮಾತಂತೂ ಗಟ್ಟಿಯಾಗಿ ಹೇಳುತ್ತೇನೆ. ಸೇರಲು ಶುಲ್ಕ ಕೇಳಿದರೆ, ಟೆಲಿಗ್ರಾಮ್‌ನಲ್ಲಿ "ಮೊದಲು ಸ್ವಲ್ಪ ಹಾಕಿ, ಜಾಸ್ತಿ ಬರುತ್ತದೆ" ಅಂದರೆ, ಅದು ಮೋಸ. ಹಣ ಪಡೆಯಲು ಯುಪಿಐ ಪಿನ್ ಎಂದೂ ಬೇಕಿಲ್ಲ, ಒಟಿಪಿ ಯಾರಿಗೂ ಹೇಳಬೇಡಿ. ದುಡ್ಡು ಹೋಗಿದ್ದರೆ ನಾಚಿಕೊಂಡು ಕೂರದೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.