ಮಳೆಗಾಲದಲ್ಲಿ ನಾಯಿಯ ಬೆರಳ ಸಂದಿನ ಹುಣ್ಣು: ಮತ್ತೆ ಮತ್ತೆ ಬರದಂತೆ ನೋಡಿಕೊಳ್ಳುವುದು ಹೇಗೆ?

ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಮುಂಬಯಿಯ ಚೆಂಬೂರಿನ ನಮ್ಮ ಮನೆಯಲ್ಲಿ ರಾತ್ರಿ ಒಂದು ಸದ್ದು ಶುರುವಾಗುತ್ತಿತ್ತು. ಚಪ್ ಚಪ್ ಚಪ್. ಬೊಗ್ಗ ಮುಂಗಾಲು ನೆಕ್ಕುವ ಸದ್ದು. ಏಳು ವರ್ಷದ ಲ್ಯಾಬ್ರಡಾರ್ ಅವನು. ಮೂರು ಮಳೆಗಾಲ ಇದೇ ಕಥೆ. ನೆಕ್ಕುತ್ತಾನೆ, ಬೆರಳ ಸಂದು ಕೆಂಪಾಗುತ್ತದೆ, ಗುಳ್ಳೆ ಏಳುತ್ತದೆ, ಕುಂಟುತ್ತಾನೆ. ಔಷಧಿ ಕೊಟ್ಟರೆ ವಾಸಿ. ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಚಪ್ ಚಪ್.

ಅಮ್ಮ ನೋಡಿದವರೇ, "ಇದು ಕೆಸರುಹುಣ್ಣಲ್ವಾ? ನಾಟಿ ಸಮಯದಲ್ಲಿ ನಮಗೂ ಆಗ್ತಿತ್ತು" ಅಂದರು. ಅರ್ಧ ಸರಿ. ಒದ್ದೆ ಆರದ ಜಾಗದಲ್ಲಿ ಚರ್ಮ ಮೆತ್ತಗಾಗುತ್ತದೆ, ಬ್ಯಾಕ್ಟೀರಿಯಾ, ಯೀಸ್ಟ್ ಎರಡೂ ಅಲ್ಲಿ ಬೆಳೆಯುತ್ತವೆ. ಆದರೆ ಪದೇ ಪದೇ ಬರುತ್ತಿದ್ದರೆ ಅದರ ಹಿಂದೆ ಇನ್ನೊಂದು ಕಾರಣ ಇದ್ದೇ ಇರುತ್ತದೆ. ಅದನ್ನು ಹುಡುಕದೆ ಹುಣ್ಣನ್ನಷ್ಟೇ ವಾಸಿ ಮಾಡುತ್ತಾ ಹೋದರೆ ನಾಯಿ ಪ್ರತಿ ವರ್ಷ ನರಳುತ್ತದೆ.

ಮೊದಲು ಕಾಲು ಹಿಡಿದು ನೋಡಿ

ಬೆಳಕು ಚೆನ್ನಾಗಿರುವ ಕಡೆ ನಾಯಿಯನ್ನು ಮಲಗಿಸಿ. ಮೊಬೈಲ್ ಟಾರ್ಚ್ ಹಿಡಿಯಲು ಮನೆಯ ಇನ್ನೊಬ್ಬರು ಇದ್ದರೆ ಒಳ್ಳೆಯದು. ಹೆಬ್ಬೆರಳಿನಿಂದ ಮೆತ್ತಗೆ ಒತ್ತಿ ಒಂದೊಂದೇ ಬೆರಳನ್ನು ಬಿಡಿಸಿ. ಮೇಲಿನಿಂದ ನೋಡಿದರೆ ಸಾಲದು, ಪಂಜ ತಿರುಗಿಸಿ ಅಂಗಾಲಿನ ಮೆತ್ತೆಗಳ ನಡುವೆಯೂ ನೋಡಿ. ಬೊಗ್ಗನ ಕಾಲಿನ ತಿಳಿ ಬಣ್ಣದ ಕೂದಲು ಅಲ್ಲಿ ತುಕ್ಕು ಹಿಡಿದಂತೆ ಕಂದಾಗಿತ್ತು. ಅದು ಜೊಲ್ಲಿನ ಕಲೆ. ನಮ್ಮ ಕಣ್ಣು ತಪ್ಪಿಸಿ ಅದೆಷ್ಟು ದಿನದಿಂದ ನೆಕ್ಕುತ್ತಿದ್ದಾನೆ ಅಂತ ಆ ಕಲೆ ನೋಡಿದ ಮೇಲೇ ಗೊತ್ತಾಗಿದ್ದು.

ಮೂಗಿನ ಹತ್ತಿರ ತಂದು ಮೂಸಿಯೂ ನೋಡಿ. ಹುಳಿ ಜಾಸ್ತಿಯಾದ ದೋಸೆಹಿಟ್ಟಿನಂಥ ವಾಸನೆ ಬಂದು, ಉಗುರಿನ ಬುಡದಲ್ಲಿ ಕಂದು ಜಿಡ್ಡು ಕೂತಿದ್ದರೆ ಯೀಸ್ಟ್ ಇರುವ ಸಾಧ್ಯತೆ ಹೆಚ್ಚು. ಬೆರಳ ಸಂದಿನಲ್ಲಿ ರಕ್ತ ಹೀರುವ ಉಣ್ಣಿಗಳು ಬೇಳೆಯಂತೆ ಅಂಟಿಕೊಂಡಿರುತ್ತವೆ, ಅವನ್ನೂ ಹುಡುಕಿ.

ಒಂದು ವಿಷಯ ಖಂಡಿತ ಗಮನಿಸಿ: ತೊಂದರೆ ಒಂದೇ ಕಾಲಿನಲ್ಲೋ, ಹೆಚ್ಚು ಕಾಲುಗಳಲ್ಲೋ? ಒಂದೇ ಕಾಲು, ಒಂದೇ ಜಾಗ ಅಂದರೆ ಮುಳ್ಳು, ಗಾಜಿನ ಚೂರು, ಮುರಿದ ಉಗುರು, ಗಡ್ಡೆ ಇಂಥದ್ದು ಇರಬಹುದು. ಎರಡೂ ಮುಂಗಾಲು ಅಥವಾ ನಾಲ್ಕೂ ಕಾಲು ಕೆಂಪಾಗಿ ತುರಿಸುತ್ತಿದ್ದರೆ ಅಲರ್ಜಿಯ ಅನುಮಾನ ಜಾಸ್ತಿ. ಡಾಕ್ಟರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು.

ತೊಳೆಯುವುದಕ್ಕಿಂತ ಒಣಗಿಸುವುದು ಮುಖ್ಯ

ಹೊರಗಿನಿಂದ ಬಂದ ಕೂಡಲೇ ಕಾಲು ತೊಳೆಸುವುದು ಮುಂಬಯಿಯಲ್ಲಿ ನಾಯಿ ಸಾಕಿದ ಎಲ್ಲರಿಗೂ ಅಭ್ಯಾಸ. ಆಮೇಲೆ ಸುಮ್ನೆ ಮೇಲಿಂದ ಮೇಲೆ ಒರೆಸಿ ಬಿಟ್ಟುಬಿಡುತ್ತೇವೆ. ನಾವೂ ಹಾಗೇ ಮಾಡುತ್ತಿದ್ದೆವು. ಬೆರಳ ಸಂದಿನ ನೀರು ಅಲ್ಲೇ ಉಳಿಯುತ್ತಿತ್ತು.

ಈಗ ಹೀಗೆ ಮಾಡುತ್ತೇವೆ. ಒಂದು ಮಗ್ ಉಗುರುಬೆಚ್ಚಗಿನ ನೀರಿನಲ್ಲಿ ಒಂದೊಂದೇ ಪಂಜ ಅದ್ದಿ ಕೆಸರು ಬಿಡಿಸುತ್ತೇವೆ. ದಿನವೂ ಸೋಪು ಹಾಕುವುದಿಲ್ಲ, ಚರ್ಮ ಒಡೆಯುತ್ತದೆ. ಆಮೇಲೆ ಅಪ್ಪನ ಹಳೇ ಪಂಚೆಯ ತುಂಡು. ತೊಳೆದು ತೊಳೆದು ಮೆದುವಾದ ಹತ್ತಿ ಬಟ್ಟೆ ನೀರು ಚೆನ್ನಾಗಿ ಹೀರುತ್ತದೆ, ತೆಳುವಾಗಿರುವುದರಿಂದ ಸಂದಿಗೂ ಹೋಗುತ್ತದೆ. ಅದರ ಮೂಲೆಯನ್ನು ಬೆರಳಿಗೆ ಸುತ್ತಿ ಪ್ರತಿ ಸಂದಿಗೂ ತೂರಿಸಿ ಒತ್ತಬೇಕು, ಉಜ್ಜಬಾರದು. ನಾಲ್ಕು ಕಾಲಿಗೂ ಸೇರಿ ಐದು ನಿಮಿಷ ಸಾಕು. ಬಳಸಿದ ತುಂಡನ್ನು ಅದೇ ದಿನ ಒಗೆದು ಹಾಕಿ. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲವಾದ್ದರಿಂದ ಏಳೆಂಟು ತುಂಡು ಇರಲಿ. ಹೇರ್ ಡ್ರೈಯರ್ ಬಳಸುವುದಾದರೆ ತಣ್ಣನೆಯ ಗಾಳಿ ಮಾತ್ರ.

ರಬ್ಬರ್ ಬೂಟು ಹಾಕುವವರು ಮನೆಗೆ ಬಂದ ತಕ್ಷಣ ಬಿಚ್ಚಿ. ನಾಯಿಗೆ ಬೆವರುವುದೇ ಅಂಗಾಲಿನಲ್ಲಿ, ಬೂಟಿನೊಳಗೆ ಅದೂ ಸೇರಿ ಒದ್ದೆಯಾಗುತ್ತದೆ. ಮೆಟ್ಟಿಲಿಗೆ ಫಿನಾಯಿಲ್ ಹಾಕಿ ಒರೆಸುವ ಬಿಲ್ಡಿಂಗ್ ಆದರೆ, ನೆಲ ಆರಿದ ಮೇಲೆ ನಾಯಿಯನ್ನು ಇಳಿಸಿ.

ನಿಂತ ನೀರಿನಲ್ಲಂತೂ ನಡೆಸಲೇಬೇಡಿ. ಇಲಿಯ ಮೂತ್ರ ಸೇರಿದ ನೀರಿನಿಂದ ಇಲಿಜ್ವರ ಬರುತ್ತದೆ. ಬಿರಿದ ಚರ್ಮ ಅದಕ್ಕೆ ತೆರೆದ ಬಾಗಿಲು. 2005ರ ಜುಲೈ 26ರಂದು ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದ ಮೇಲೆ ಈ ಊರಿನ ಜನರಲ್ಲೂ ಈ ಜ್ವರ ಹರಡಿತ್ತು. ನಾಯಿಗೆ ವರ್ಷಕ್ಕೊಮ್ಮೆ ಇದರ ಲಸಿಕೆ ಇದೆ. ಮಳೆಗೆ ಮುಂಚೆ ಹಾಕಿಸಿ. ಊಟ ಬಿಟ್ಟು ವಾಂತಿ ಮಾಡಿದರೆ, ಕಣ್ಣು ಹಳದಿಯಾದರೆ ಅದೇ ದಿನ ಡಾಕ್ಟರ ಬಳಿ ಹೋಗಿ.

ಏನು ಹಚ್ಚಬಾರದು

ಕೊಬ್ಬರಿ ಎಣ್ಣೆ, ಅರಿಶಿನ ಹಚ್ಚಬೇಡಿ. ಎಣ್ಣೆ ಒದ್ದೆಯನ್ನು ಒಳಗೇ ಹಿಡಿದಿಡುತ್ತದೆ, ನಾಯಿ ಇನ್ನಷ್ಟು ನೆಕ್ಕುತ್ತದೆ. ಡೆಟಾಲ್ ಬೇಡ. ಮನೆಯಲ್ಲಿರುವ ನಮ್ಮ ತುರಿಕೆಯ ಟ್ಯೂಬೂ ಬೇಡ. ಅಂಥವುಗಳಲ್ಲಿ ಸ್ಟೀರಾಯ್ಡ್ ಇರುವುದು ಜಾಸ್ತಿ. ಎರಡು ದಿನ ಕೆಂಪು ಇಳಿದಂತೆ ಕಾಣುತ್ತದೆ, ಒಳಗಿನ ಸೋಂಕು ಹೆಚ್ಚುತ್ತದೆ. ನೋವಿಗೆ ಅಂತ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಬೇಡಿ. ನಾಯಿಗೆ ಅವು ವಿಷವಾಗಬಲ್ಲವು.

ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಾಶಕ ಇರುವ ನಾಯಿ ಶಾಂಪೂ ಬರೆದುಕೊಟ್ಟಿದ್ದರೆ, ಹಚ್ಚಿದ ಕೂಡಲೇ ತೊಳೆಯಬೇಡಿ. ಹತ್ತು ನಿಮಿಷ ಚರ್ಮದ ಮೇಲಿದ್ದರೆ ಮಾತ್ರ ಕೆಲಸ ಮಾಡುತ್ತದೆ. ನೆಕ್ಕದಂತೆ ಆ ಹತ್ತು ನಿಮಿಷ ಪಕ್ಕದಲ್ಲೇ ಕೂತಿರಿ. ಬೊಗ್ಗನಿಗೆ ಅಷ್ಟು ಹೊತ್ತೂ ಸೌತೆಕಾಯಿ ಚೂರು ಒಂದೊಂದೇ ಕೊಡುತ್ತೇನೆ.

ಆಂಟಿಬಯಾಟಿಕ್ ವಿಷಯದಲ್ಲಿ ನನ್ನಿಂದಲೇ ತಪ್ಪಾಗಿದೆ. ಊತ ಇಳಿಯಿತು ಅಂತ ಎಂಟನೇ ದಿನ ಮಾತ್ರೆ ನಿಲ್ಲಿಸಿದ್ದೆ. ಮೂರು ವಾರಕ್ಕೆ ಅದೇ ಬೆರಳು ಮೊದಲಿಗಿಂತ ದಪ್ಪಗೆ ಬಾತು ಕೀವು ತುಂಬಿತು. ಆ ಗುಳ್ಳೆಗಳ ಬುಡ ಆಳದಲ್ಲಿರುತ್ತದೆ. ಮೇಲೆ ಒಣಗಿದರೂ ಒಳಗೆ ವಾಸಿಯಾಗಲು ವಾರಗಟ್ಟಲೆ ಬೇಕು. ಡಾಕ್ಟರು ಹೇಳುವವರೆಗೆ ನಿಲ್ಲಿಸಬೇಡಿ.

ಕಾರಣ ಹುಡುಕುವುದು

ಒಂದು ನೋಟ್‌ಬುಕ್ ಇಡಿ. ಯಾವ ದಿನ ನೆಕ್ಕಲು ಶುರು, ಯಾವ ಕಾಲು, ಆ ವಾರ ಹೊಸದೇನು ತಿಂದ, ಎಲ್ಲ ಬರೆಯಿರಿ. ತಾರೀಖಿನ ಜೊತೆ ಫೋಟೋನೂ ಇರಲಿ. ಮಳೆಗಾಲದಲ್ಲಿ ಮಾತ್ರ ಬರುವುದಾದರೆ ಒದ್ದೆ, ಬೂಷ್ಟು, ಹುಲ್ಲು ಇವುಗಳ ಕಡೆ ನೋಡಬೇಕು. ವರ್ಷವಿಡೀ ಇದ್ದರೆ ಊಟ ಅಥವಾ ಮನೆಯ ಧೂಳಿನ ನುಸಿ ಕಾರಣ ಇರಬಹುದು.

ಊಟದ ಅಲರ್ಜಿ ಕಂಡುಹಿಡಿಯಲು ನಂಬುವಂಥ ದಾರಿ ಒಂದೇ: ಡಾಕ್ಟರು ಹೇಳಿದ ಒಂದೇ ಬಗೆಯ ಊಟ, ಕನಿಷ್ಠ ಎಂಟು ವಾರ. ಆಗ ಬೇರೆ ಏನೂ ಕೊಡಬಾರದು. ಕಷ್ಟ ನಮಗಿಂತ ಸುತ್ತಲಿನವರಿಂದ. ಕೆಳಗೆ ವಾಚ್‌ಮನ್ ಬಿಸ್ಕೆಟ್ ಹಾಕುತ್ತಾರೆ, ಮೂರನೇ ಮಹಡಿಯ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ಚಪಾತಿ ಹಾಕುತ್ತಾರೆ. ಎಲ್ಲರಿಗೂ ಪ್ರೀತಿಯಿಂದ ಮೊದಲೇ ಹೇಳಿಬಿಡಿ.

ತೂಕವನ್ನೂ ಮರೆಯಬೇಡಿ. ದಪ್ಪ ನಾಯಿಯ ಪಂಜ ಅಗಲವಾಗಿ, ಮೆತ್ತೆಯ ಬದಲು ಕೂದಲಿರುವ ಚರ್ಮವೇ ನೆಲಕ್ಕೆ ಒತ್ತುತ್ತದೆ. ಲ್ಯಾಬ್ರಡಾರ್, ಬುಲ್‌ಡಾಗ್‌ಗಳ ಗಿಡ್ಡ ಗಟ್ಟಿ ಕೂದಲು ಚರ್ಮದೊಳಕ್ಕೇ ಚುಚ್ಚಿಕೊಂಡು ಗುಳ್ಳೆಯಾಗುತ್ತದೆ. ಬೊಗ್ಗನ ತೂಕ ನಾಲ್ಕು ಕಿಲೋ ಇಳಿದ ಮೇಲೆ ಗುಳ್ಳೆಗಳೂ ಕಡಿಮೆಯಾದವು.

ಒಂದು ದಿನಕ್ಕಿಂತ ಹೆಚ್ಚು ಕುಂಟಿದರೆ, ಕೀವು ಅಥವಾ ರಕ್ತ ಕಂಡರೆ, ವರ್ಷಕ್ಕೆ ಎರಡನೇ ಸಲ ಬಂದರೆ ಡಾಕ್ಟರಿಗೆ ತೋರಿಸಿ. ಪರೇಲ್‌ನಲ್ಲಿ 1886ರಲ್ಲಿ ಶುರುವಾದ ಬಾಂಬೆ ವೆಟರ್ನರಿ ಕಾಲೇಜು ಇದೆ. ಮಹಾಲಕ್ಷ್ಮಿಯಲ್ಲಿ 2024ರಿಂದ ಟಾಟಾ ಟ್ರಸ್ಟ್ಸ್‌ನ ಸಾಕುಪ್ರಾಣಿ ಆಸ್ಪತ್ರೆಯೂ ಇದೆ. ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ ಮಾಡಿಸಿ ಅಂತ ನೀವೇ ಕೇಳಿ. ಟೇಪ್ ಅಂಟಿಸಿ ತೆಗೆದರೆ ಯೀಸ್ಟ್, ಬ್ಯಾಕ್ಟೀರಿಯಾ ಕಾಣುತ್ತವೆ. ಚರ್ಮ ಕೆರೆದು ನೋಡಿದರೆ ಕಣ್ಣಿಗೆ ಕಾಣದ ಡೆಮೊಡೆಕ್ಸ್ ನುಸಿ ಸಿಗುತ್ತದೆ. ಪರೀಕ್ಷೆಗೆ ಹೊರಡುವ ದಿನ ಮಾತ್ರ ಪಂಜಕ್ಕೆ ಶಾಂಪೂ, ಮುಲಾಮು ಏನೂ ಹಾಕಬೇಡಿ. ಟೇಪಿಗೆ ಅಂಟಬೇಕಾದದ್ದೇ ತೊಳೆದು ಹೋಗಿಬಿಡುತ್ತದೆ.